ಲೋಹದ ಪೇಟೆ ಧಾರಣೆ: ಅದರ ಚರಿತ್ರೆ ಮತ್ತು ಪ್ರಾಮಾಣ್ಯ

ಬಸದಿಯ ಶಿಖರಕ್ಕೆ ತಾಮ್ರದ ಕಲಶವನ್ನೋ, ಗರ್ಭಗೃಹದ ಬಾಗಿಲಿಗೆ ಹಿತ್ತಾಳೆಯ ಹೊದಿಕೆಯನ್ನೋ ಮಾಡಿಸಲು ಹೊರಟ ಆಡಳಿತ ಮಂಡಳಿಯವರಿಗೆ ಕೆಲಸಗಾರರು ಕೊಡುವ ಲೆಕ್ಕದಲ್ಲಿ ಎರಡು ಬಾಬತ್ತುಗಳಿರುತ್ತವೆ: ಒಂದು ಮಜೂರಿ, ಇನ್ನೊಂದು ಲೋಹದ ಬೆಲೆ. ಮಜೂರಿಯ ವಿಷಯದಲ್ಲಿ ಚೌಕಾಸಿ ನಡೆಯುತ್ತದೆ. ಲೋಹದ ಬೆಲೆಯ ಮಾತು ಬಂದಾಗ ಮಾತ್ರ “ಅದು ಪೇಟೆ ಧಾರಣೆ” ಎಂಬ ಒಂದೇ ಉತ್ತರ ದೊರೆಯುತ್ತದೆ. ಅದರ ಮೇಲೆ ಯಾರೂ ಚರ್ಚಿಸುವುದಿಲ್ಲ. ಬೆಂಗಳೂರಿನ ವ್ಯಾಪಾರಿ ಮುಂಬಯಿಯ ಧಾರಣೆಯನ್ನು ನೋಡುತ್ತಾನೆ, ಮುಂಬಯಿಯವನು ಲಂಡನ್ನಿನದನ್ನು ನೋಡುತ್ತಾನೆ. ಹಾಗಾದರೆ ಲಂಡನ್ನಿನವನು ಯಾವುದನ್ನು ನೋಡುತ್ತಾನೆ? ತಾಮ್ರ, ತವರ, ಸೀಸ, ಸತು, ಅಲ್ಯೂಮಿನಿಯಂ, ನಿಕ್ಕಲ್ ಮುಂತಾದ ಲೋಹಗಳ ಜಾಗತಿಕ ಬೆಲೆಯು ಒಂದು ನಗರದಲ್ಲಿ, ಕೆಲವೇ ಮಂದಿಯ ಬಾಯಿಂದ ಹೊರಟು, ಗಣಿಯಾಳಿನಿಂದ ಪಾತ್ರೆ ಅಂಗಡಿಯವರೆಗೆ ಎಲ್ಲರ ಮಾತಾಗಿ ಪರಿಣಮಿಸಿದ ಬಗೆ ಕುತೂಹಲಕರವಾದುದು. ಆ ಮಾತು ಎಷ್ಟು ಸಲ ಸುಳ್ಳಾಯಿತು, ಸುಳ್ಳಾದಾಗ ದಂಡ ತೆತ್ತವರು ಯಾರು ಎಂಬುದು ಅದಕ್ಕಿಂತ ಮುಖ್ಯವಾದುದು.

ಲಂಡನ್ನಿನ ವರ್ತಕರು ಒಂದೆಡೆ ಸೇರಿ ವ್ಯವಹರಿಸಲೆಂದು ಕಟ್ಟಿದ ರಾಯಲ್ ಎಕ್ಸ್‌ಚೇಂಜ್ ಭವನವನ್ನು ಮೊದಲನೆಯ ಎಲಿಜಬೆತ್ ರಾಣಿ 1571ರಲ್ಲಿ ತೆರೆದಳು. ಲೋಹದ ವರ್ತಕರೂ ಅಲ್ಲಿಯೇ ಸೇರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಅಲ್ಲಿ ಕಾಲಿಡಲೂ ಜಾಗವಿಲ್ಲದಂತಾಗಿ, ಒಂದೊಂದು ಸರಕಿನವರು ಸುತ್ತಲಿನ ಒಂದೊಂದು ಕಾಫಿ ಮನೆಯನ್ನು ಆಶ್ರಯಿಸಿದರು. ಲೋಹದವರಿಗೆ ಒದಗಿದ್ದು ಕಾರ್ನ್‌ಹಿಲ್ ಬೀದಿಗೆ ಹೊಂದಿಕೊಂಡಿದ್ದ ಜೆರೂಸಲೇಂ ಕಾಫಿ ಮನೆ. ಅದರ ನೆಲಕ್ಕೆ ಮರದ ಹೊಟ್ಟು ಹರಡಿರುತ್ತಿತ್ತು. ಮಾರುವ ಸರಕುಳ್ಳವನು ಆ ಹೊಟ್ಟಿನಲ್ಲಿ ಒಂದು ವೃತ್ತವನ್ನು ಗೀಚಿ “ಚೇಂಜ್” ಎಂದು ಕೂಗಿದರೆ, ಕೊಳ್ಳಲು ಬಯಸುವವರು ವೃತ್ತದ ಅಂಚಿಗೆ ಬಂದು ನಿಲ್ಲುತ್ತಿದ್ದರು. ಮಾತು ಎಲ್ಲರ ಕಿವಿಗೂ ಬೀಳುವಂತೆ ಆಡಬೇಕಾಗಿತ್ತು. ಪಿಸುಮಾತಿಗೆ ಅಲ್ಲಿ ಎಡೆಯಿರಲಿಲ್ಲ. ಇಂದಿಗೂ ‘ರಿಂಗ್’ ಎಂಬ ಹೆಸರಿನಿಂದ ನಡೆಯುವ ವ್ಯವಹಾರ ಪದ್ಧತಿಯ ಮೂಲ ಈ ಹೊಟ್ಟಿನ ಮೇಲಿನ ಗೆರೆ.

ಇಂಗ್ಲೆಂಡಿಗೆ ಬೇಕಾದ ತಾಮ್ರ ಮತ್ತು ತವರಗಳು ಮೊದಲು ಬಹುಮಟ್ಟಿಗೆ ಅದೇ ದೇಶದ ಗಣಿಗಳಿಂದ ದೊರೆಯುತ್ತಿದ್ದವು. ಕೈಗಾರಿಕೆ ಬೆಳೆದಂತೆ ಅವು ಸಾಲದೆ, ತಾಮ್ರವು ಚಿಲಿಯಿಂದಲೂ ತವರವು ಮಲಯದಿಂದಲೂ ಬರಲಾರಂಭಿಸಿತು. ಹಡಗು ಹೊರಟಾಗ ಇದ್ದ ಬೆಲೆ ಅದು ಬಂದು ಸೇರುವಾಗ ಇರುತ್ತದೆಂಬ ಭರವಸೆಯಿಲ್ಲ. ದಾರಿಯಲ್ಲಿರುವ ಸರಕನ್ನು ಇಂದಿನ ಬೆಲೆಗೇ ಮುಂದಿನ ತಾರೀಖಿಗೆ ಮಾರಿಬಿಟ್ಟರೆ ವರ್ತಕನು ನೆಮ್ಮದಿಯಿಂದ ನಿದ್ರಿಸಬಹುದು. ಈ ಅಗತ್ಯದಿಂದ ವಾಯಿದಾ ವ್ಯಾಪಾರ ಹುಟ್ಟಿತು. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿ ಸ್ಥಿರವಾಗಿ ನೆಲೆಗೊಂಡು ಸುದ್ದಿಯು ಹಡಗಿಗಿಂತ ಮುಂಚೆ ಬರುವಂತಾಯಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆದು ಮಲಯದ ತವರವೂ ಚಿಲಿಯ ತಾಮ್ರದಷ್ಟೇ ಅವಧಿಯಲ್ಲಿ, ಎಂದರೆ ಸುಮಾರು ಮೂರು ತಿಂಗಳಲ್ಲಿ, ಬಂದು ತಲುಪತೊಡಗಿತು. ಆದುದರಿಂದ ಮೂರು ತಿಂಗಳ ವಾಯಿದೆಯೇ ರೂಢಿಗೆ ಬಂತು. ಹಾಯಿಹಡಗುಗಳು ಮರೆಯಾಗಿ ಎಷ್ಟೋ ಕಾಲವಾದರೂ ಲಂಡನ್ನಿನಲ್ಲಿ ಇಂದಿಗೂ ‘ಮೂರು ತಿಂಗಳ ಬೆಲೆ’ಯೇ ಪ್ರಧಾನ ಬೆಲೆ. ವ್ಯಾಪಾರದ ರೂಢಿಗಳ ಆಯುಸ್ಸು ರಾಜವಂಶಗಳ ಆಯುಸ್ಸಿಗಿಂತ ದೀರ್ಘವಾದುದೆಂದು ಕಾಣುತ್ತದೆ.

1877ರಲ್ಲಿ ಈ ವರ್ತಕರು ಒಂದು ಕಂಪನಿಯನ್ನು ಕಟ್ಟಿಕೊಂಡು, ಲೊಂಬಾರ್ಡ್ ಕೋರ್ಟಿನ ಟೋಪಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ತಮ್ಮದೇ ಆದ ಪೇಟೆಯನ್ನು ತೆರೆದರು. ಅದೇ ಲಂಡನ್ ಮೆಟಲ್ ಎಕ್ಸ್‌ಚೇಂಜ್. 1882ರಲ್ಲಿ ಅದು ವಿಟಿಂಗ್ಟನ್ ಅವೆನ್ಯೂವಿಗೆ ಸ್ಥಳಾಂತರಗೊಂಡು ಸುಮಾರು ಒಂದು ಶತಮಾನ ಅಲ್ಲಿ ನೆಲೆಸಿತ್ತು. ತಾಮ್ರ, ತವರಗಳ ಜೊತೆಗೆ 1920ರಲ್ಲಿ ಸೀಸ ಮತ್ತು ಸತು ಅಧಿಕೃತವಾಗಿ ಸೇರಿದವು. ಅಲ್ಯೂಮಿನಿಯಂ 1978ರಲ್ಲಿ, ನಿಕ್ಕಲ್ 1979ರಲ್ಲಿ ಬಂದವು. 2012ರಲ್ಲಿ ಹಾಂಗ್‌ಕಾಂಗಿನ ವಿನಿಮಯ ಸಂಸ್ಥೆಯು ಇದನ್ನು ಸುಮಾರು 140 ಕೋಟಿ ಪೌಂಡುಗಳಿಗೆ ಕೊಂಡಿತಾದರೂ ಪೇಟೆ ಲಂಡನ್ನಿನಲ್ಲೇ ಉಳಿದಿದೆ.

ಬೆಲೆ ನಿರ್ಣಯವಾಗುವ ಕ್ರಮವನ್ನು ಇಲ್ಲಿ ತಿಳಿಯುವುದು ಅವಶ್ಯ. ವೃತ್ತಾಕಾರದಲ್ಲಿ ಜೋಡಿಸಿದ ಕೆಂಪು ಆಸನಗಳ ಮೇಲೆ ಸದಸ್ಯ ಸಂಸ್ಥೆಗಳ ಪ್ರತಿನಿಧಿಗಳು ಕುಳಿತಿರುತ್ತಾರೆ. ಒಂದೊಂದು ಲೋಹಕ್ಕೆ ಐದೈದು ನಿಮಿಷ. ಆ ಐದು ನಿಮಿಷ ಕೂಗು, ಕೈಸನ್ನೆ, ಗದ್ದಲ. ಮಧ್ಯಾಹ್ನದ ಎರಡನೆಯ ಸುತ್ತು ಮುಗಿಯುವ ಕ್ಷಣದಲ್ಲಿ ಕೊಳ್ಳುವವರು ಕೊಡಲು ಒಪ್ಪಿದ ಬೆಲೆ, ಮಾರುವವರು ಕೇಳಿದ ಬೆಲೆ ಎರಡನ್ನೂ ದಾಖಲಿಸಿಕೊಂಡು ಅಂದಿನ ಅಧಿಕೃತ ಧಾರಣೆಯೆಂದು ಪ್ರಕಟಿಸುತ್ತಾರೆ. ಅವುಗಳಲ್ಲಿ ರೊಕ್ಕದ ಸರಕಿಗೆ ಮಾರುವವರು ಕೇಳಿದ ಬೆಲೆಯೇ ಇತ್ಯರ್ಥದ ಬೆಲೆ. ತಾಮ್ರವಾದರೆ ಒಂದು ವ್ಯವಹಾರದ ಘಟಕ 25 ಟನ್, ನಿಕ್ಕಲ್ 6 ಟನ್, ತವರ 5 ಟನ್. ಮಾರಿದವನು ವಾಯಿದೆಯ ದಿನ ಲೋಹವನ್ನೇ ಹೊತ್ತು ತರುವುದಿಲ್ಲ. ಸಂಸ್ಥೆಯು ಮಾನ್ಯ ಮಾಡಿದ ಗೋದಾಮಿನಲ್ಲಿ ಆ ಲೋಹ ಇದೆಯೆಂಬ ರಸೀತಿಯನ್ನು ಒಪ್ಪಿಸುತ್ತಾನೆ. ಇದನ್ನು ‘ವಾರಂಟ್’ ಎನ್ನುತ್ತಾರೆ. ಪೊಲೀಸರ ವಾರಂಟಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಇದರ ಹಿಂದೆ ಮುಂದೆ ಪೊಲೀಸರು ಬಂದದ್ದುಂಟು.

ಇಲ್ಲಿ ಸೂಕ್ಷ್ಮವಾದ ಒಂದು ಸಂಗತಿಯಿದೆ. ಜಗತ್ತಿನ ತಾಮ್ರದಲ್ಲಿ ಬಹುಪಾಲು ಈ ವೃತ್ತದೊಳಗೆ ಮಾರಾಟವಾಗುವುದೇ ಇಲ್ಲ. ಗಣಿಯವರು ಮತ್ತು ತಂತಿ ಕಾರ್ಖಾನೆಯವರು ನೇರವಾಗಿ ವರ್ಷಗಟ್ಟಲೆಯ ಕರಾರು ಮಾಡಿಕೊಳ್ಳುತ್ತಾರೆ. ಆ ಕರಾರಿನಲ್ಲಿ ತೂಕ, ಗುಣ, ಬಂದರು, ತಿಂಗಳು ಎಲ್ಲವೂ ಬರೆದಿರುತ್ತವೆ. ಬೆಲೆಯ ಕಡೆಯಲ್ಲಿ ಮಾತ್ರ ಅಂಕಿಯಿರುವುದಿಲ್ಲ, “ಆ ತಿಂಗಳ ಲಂಡನ್ ಇತ್ಯರ್ಥ ಬೆಲೆಯ ಸರಾಸರಿ” ಎಂದಿರುತ್ತದೆ. ಎಂದರೆ ಕೆಲವು ನೂರು ಟನ್ನುಗಳ ವ್ಯವಹಾರದಿಂದ ಹೊರಟ ಸಂಖ್ಯೆಯೊಂದು ಲಕ್ಷಾಂತರ ಟನ್ನುಗಳ ಬೆಲೆಯಾಗುತ್ತದೆ. ತಕ್ಕಡಿಯಲ್ಲಿ ಕಳ್ಳತೂಕ ಇಡುವವನು ಎದುರಿಗಿರುವ ಒಬ್ಬ ಗಿರಾಕಿಗೆ ಮೋಸ ಮಾಡಬಲ್ಲ. ಈ ಸಂಖ್ಯೆಯನ್ನು ಕೆಡಿಸುವವನು ತಾನು ಎಂದೂ ಕಾಣದ, ಹೆಸರೂ ತಿಳಿಯದ ಕೋಟಿ ಜನರ ತಕ್ಕಡಿಗೆ ಒಮ್ಮೆಲೇ ಕೈಹಾಕಿದಂತೆ.

ಹಾಗೆ ಕೈಹಾಕಿದವರಲ್ಲಿ ಮೊದಲ ದೊಡ್ಡ ಹೆಸರು ಫ್ರಾನ್ಸಿನ ಪಿಯೆರ್ ಸೆಕ್ರೆತಾನ್. ತಾಮ್ರದ ಕಾರ್ಖಾನೆಗಳ ಒಡೆಯನಾದ ಈತ 1887ರಲ್ಲಿ ಬ್ಯಾಂಕುಗಳ ಬೆಂಬಲದಿಂದ ಒಂದು ಕೂಟವನ್ನು ರಚಿಸಿ, ಜಗತ್ತಿನ ಪ್ರಮುಖ ಗಣಿಗಳ ಉತ್ಪನ್ನವನ್ನೆಲ್ಲ ನಿಗದಿತ ಬೆಲೆಗೆ ತಾನೇ ಕೊಳ್ಳುವುದಾಗಿ ಒಪ್ಪಂದ ಮಾಡಿಕೊಂಡ. ಟನ್ನಿಗೆ ಸುಮಾರು 40 ಪೌಂಡಿದ್ದ ತಾಮ್ರ ಕೆಲವೇ ತಿಂಗಳಲ್ಲಿ 80ನ್ನು ಮುಟ್ಟಿತು. ಪತ್ರಿಕೆಗಳು ದಿನವೂ ಆ ಏರಿದ ಬೆಲೆಯನ್ನು ಅಚ್ಚುಹಾಕಿದವು. ಆದರೆ ಆ ಬೆಲೆಗೆ ಕೊಳ್ಳುತ್ತಿದ್ದವನು ಬಹುಮಟ್ಟಿಗೆ ಅವನೊಬ್ಬನೇ. ತಾಮ್ರ ಬಳಸುವವರು ಕೊಳ್ಳುವುದನ್ನು ನಿಲ್ಲಿಸಿದರು. ಹಳೆಯ ಪಾತ್ರೆ, ಮುರುಕಲು ಕೊಳವೆಗಳು ಮನೆಗಳಿಂದ ಹೊರಬಂದು ಮೂಸೆಗೆ ಬಿದ್ದವು. ಮುಚ್ಚಿದ್ದ ಗಣಿಗಳು ತೆರೆದವು. ಗೋದಾಮುಗಳಲ್ಲಿ ಮಾರಾಟವಾಗದ ಲೋಹ ಬೆಟ್ಟವಾಯಿತು. 1889ರ ಮಾರ್ಚಿನಲ್ಲಿ ಈ ಕಟ್ಟಡ ಕುಸಿಯಿತು. ಹಣ ಒದಗಿಸಿದ್ದ ಕೋಂತ್ವಾರ್ ದೆಸ್ಕೋಂತ್ ಬ್ಯಾಂಕಿನ ನಿರ್ದೇಶಕ ಆತ್ಮಹತ್ಯೆ ಮಾಡಿಕೊಂಡ. ಠೇವಣಿದಾರರು ಬ್ಯಾಂಕಿನ ಬಾಗಿಲಿಗೆ ಮುತ್ತಿದಾಗ ಫ್ರಾನ್ಸಿನ ಕೇಂದ್ರ ಬ್ಯಾಂಕು 14 ಕೋಟಿ ಫ್ರಾಂಕುಗಳನ್ನು ಮುಂಗಡವಾಗಿ ಕೊಟ್ಟು ಪ್ಯಾರಿಸನ್ನು ಉಳಿಸಬೇಕಾಯಿತು. ತಾಮ್ರ ಮತ್ತೆ 40 ಪೌಂಡಿನ ಕೆಳಗಿಳಿಯಿತು.

ಪೇಟೆಯಲ್ಲಿ ಕೂಗಿ ನಿರ್ಣಯವಾಗದ ಲೋಹಗಳೂ ಅನೇಕವಿವೆ: ಟಂಗ್‌ಸ್ಟನ್, ಆಂಟಿಮನಿ, ಮ್ಯಾಂಗನೀಸ್, ಉಕ್ಕಿನ ಮಿಶ್ರಧಾತುಗಳು, ಗುಜರಿ. ಇವುಗಳ ಬೆಲೆಯನ್ನು ಹೇಳುವವರು ಪತ್ರಿಕೆಯವರು. ನ್ಯೂಯಾರ್ಕಿನಲ್ಲಿ 1882ರಲ್ಲಿ ‘ಅಮೆರಿಕನ್ ಮೆಟಲ್ ಮಾರ್ಕೆಟ್’, ಲಂಡನ್ನಿನಲ್ಲಿ 1913ರಲ್ಲಿ ‘ಮೆಟಲ್ ಬುಲೆಟಿನ್’ ಪತ್ರಿಕೆಗಳು ಹುಟ್ಟಿದವು. ವರದಿಗಾರನು ಕೊಳ್ಳುವವರನ್ನೂ ಮಾರುವವರನ್ನೂ ದಲ್ಲಾಳಿಗಳನ್ನೂ ವಿಚಾರಿಸುತ್ತಾನೆ: ಯಾವ ಬೆಲೆಗೆ ಆಯಿತು, ಎಷ್ಟು ಟನ್, ಯಾವ ಬಂದರು, ರೊಕ್ಕವೋ ಉದ್ದರಿಯೋ. ಕೊಳ್ಳುವವನು ಕಡಿಮೆ ಹೇಳುತ್ತಾನೆ, ಮಾರುವವನು ಹೆಚ್ಚು ಹೇಳುತ್ತಾನೆ. ಇಬ್ಬರ ಮಾತನ್ನೂ ತೂಗಿ, ಅಸಂಬದ್ಧವಾದುದನ್ನು ಬಿಟ್ಟು, “ಇಷ್ಟರಿಂದ ಇಷ್ಟರವರೆಗೆ” ಎಂದು ಬರೆಯುವುದು ಅವನ ಕೆಲಸ. ನ್ಯಾಯಾಧೀಶನ ಕೆಲಸಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆದರೆ ಇಲ್ಲಿ ಸಾಕ್ಷಿಗಳು ಪ್ರಮಾಣ ಮಾಡಿರುವುದಿಲ್ಲ, ಮತ್ತು ಪ್ರತಿಯೊಬ್ಬ ಸಾಕ್ಷಿಗೂ ತೀರ್ಪಿನಲ್ಲಿ ಲಾಭನಷ್ಟವಿರುತ್ತದೆ. ಅವನೇ ಆ ಪತ್ರಿಕೆಯ ಚಂದಾದಾರನೂ ಆಗಿರುತ್ತಾನೆ. ಇಂಥ ದುರ್ಬಲ ಅಡಿಪಾಯದ ಮೇಲೆ ಈ ಪದ್ಧತಿ ಶತಮಾನಕ್ಕೂ ಮಿಕ್ಕಿ ನಿಂತಿರುವುದಕ್ಕೆ ಕಾರಣ ವರದಿಗಾರರ ಹಟ ಮತ್ತು ಅನುಭವವೇ ಹೊರತು ಯಾವ ಕಾನೂನೂ ಅಲ್ಲ. ತೈಲದ ಬೆಲೆ ವರದಿ ಮಾಡುವ ಸಂಸ್ಥೆಗಳು ಪಾಲಿಸಬೇಕಾದ ತತ್ತ್ವಗಳನ್ನು ಅಂತರರಾಷ್ಟ್ರೀಯ ಷೇರುಪೇಟೆ ನಿಯಂತ್ರಕರ ಒಕ್ಕೂಟ ರೂಪಿಸಿದ್ದು 2012ರಲ್ಲಿ. ಲೋಹದ ಬೆಲೆಯವರು ಅದನ್ನು ಆ ಬಳಿಕ ತಾವಾಗಿ ಅಳವಡಿಸಿಕೊಂಡರು.

ಇವೆರಡಲ್ಲದೆ ಮೂರನೆಯ ದಾರಿಯೊಂದಿತ್ತು. ದೊಡ್ಡ ಉತ್ಪಾದಕರೇ “ನಮ್ಮ ಬೆಲೆ ಇಷ್ಟು” ಎಂದು ಘೋಷಿಸುವುದು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ ಪೇಟೆ ಮುಚ್ಚಿ, ತವರ 1949ರಲ್ಲಿಯೂ ತಾಮ್ರ 1953ರಲ್ಲಿಯೂ ಮರಳಿ ವ್ಯವಹಾರಕ್ಕೆ ಬಂದವು. ಆ ನಡುವೆಯೂ ಅನಂತರವೂ ಉತ್ಪಾದಕರ ಬೆಲೆ ಪ್ರಬಲವಾಗಿತ್ತು. ಆದರೆ 1966ರಲ್ಲಿ, ಸ್ವತಂತ್ರವಾಗಿ ಎರಡೇ ವರ್ಷವಾಗಿದ್ದ ಜಾಂಬಿಯಾದ ತಾಮ್ರವು ಲಂಡನ್ ಧಾರಣೆಗೆ ಗಂಟುಬಿತ್ತು. ಏರುತ್ತಿದ್ದ ಪೇಟೆಯಲ್ಲಿ ಅದು ಲಾಭದಾಯಕವಾಗಿಯೇ ಕಂಡಿತು. ರಫ್ತಿನ ಆದಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತಾಮ್ರದಿಂದಲೇ ಬರುತ್ತಿದ್ದ ದೇಶವದು. 1974ರ ಏಪ್ರಿಲಿನಲ್ಲಿ ತುತ್ತತುದಿಗೇರಿದ್ದ ಬೆಲೆ ವರ್ಷ ಮುಗಿಯುವುದರೊಳಗೆ ಅರ್ಧಕ್ಕೂ ಕೆಳಗಿಳಿದಾಗ ಆ ದೇಶದ ಶಾಲೆ, ಆಸ್ಪತ್ರೆ, ರಸ್ತೆಗಳ ಲೆಕ್ಕವೆಲ್ಲ ತಲೆಕೆಳಗಾಯಿತು. ಭಾರತವು ಆ ಕಾಲದಲ್ಲಿ ಬೇರೆ ಮಾರ್ಗ ಹಿಡಿದಿತ್ತು. 1963ರಲ್ಲಿ ಸ್ಥಾಪಿತವಾದ ಖನಿಜ ಮತ್ತು ಲೋಹ ವ್ಯಾಪಾರ ನಿಗಮದ ಮೂಲಕವೇ ವಿದೇಶದ ಲೋಹ ಬರಬೇಕಿತ್ತು. ಲಂಡನ್ನಿನ ಏರಿಳಿತವು ಸರ್ಕಾರದ ಜರಡಿಯಲ್ಲಿ ಸೋಸಿ ಬರುತ್ತಿತ್ತು. ತೊಂಬತ್ತರ ದಶಕದ ಉದಾರೀಕರಣದೊಡನೆ ಆ ಜರಡಿ ಹೋಯಿತು. 2003ರಲ್ಲಿ ಮುಂಬಯಿಯಲ್ಲಿ ಆರಂಭವಾದ ಎಂ.ಸಿ.ಎಕ್ಸ್. ಪೇಟೆಯು ಲೋಹದ ವಾಯಿದೆಗಳನ್ನು ಬಹುಕಾಲ ಲಂಡನ್ ಬೆಲೆಯನ್ನೇ ರೂಪಾಯಿಗೆ ಪರಿವರ್ತಿಸಿ ಇತ್ಯರ್ಥ ಮಾಡುತ್ತಿತ್ತು. 2019ರಿಂದ ವಾಯಿದೆ ಮುಗಿದಾಗ ಲೋಹವನ್ನೇ ಒಪ್ಪಿಸುವ ಕ್ರಮ ಬಂದಿದೆ.

ಈ ಚರಿತ್ರೆಯಲ್ಲಿ ಅತ್ಯಂತ ಶೋಚನೀಯವಾದ ಅಧ್ಯಾಯ ತವರದ್ದು. ತವರವಿಲ್ಲದೆ ಕಂಚಿಲ್ಲ, ಕಲಾಯಿಯಿಲ್ಲ, ಬೆಸುಗೆಯಿಲ್ಲ. ಅದರ ಗಣಿಗಳಿದ್ದುದು ಮಲೇಷಿಯಾ, ಇಂಡೊನೇಷಿಯಾ, ಥೈಲೆಂಡ್, ಬೊಲಿವಿಯಾ ಮುಂತಾದ ಬಡ ದೇಶಗಳಲ್ಲಿ. ಕೊಳ್ಳುವವರು ಶ್ರೀಮಂತ ದೇಶದವರು. ಬೆಲೆಯ ಹುಚ್ಚು ಕುಣಿತದಿಂದ ಗಣಿಯಾಳುಗಳನ್ನು ಕಾಪಾಡುವ ಸದುದ್ದೇಶದಿಂದಲೇ 1956ರಲ್ಲಿ ಅಂತರರಾಷ್ಟ್ರೀಯ ತವರ ಮಂಡಳಿ ಆರಂಭವಾಯಿತು. ಭಾರತವೂ ಅದರಲ್ಲಿ ಬಳಕೆದಾರ ರಾಷ್ಟ್ರವಾಗಿ ಸದಸ್ಯತ್ವ ಪಡೆದಿತ್ತು. ಮಂಡಳಿಯ ಬಳಿ ಒಂದು ಆಪದ್ದಾಸ್ತಾನು. ಬೆಲೆ ಒಂದು ಮಟ್ಟಕ್ಕಿಂತ ಕುಸಿದರೆ ದಾಸ್ತಾನಿನ ವ್ಯವಸ್ಥಾಪಕನು ಕೊಳ್ಳಬೇಕು, ಒಂದು ಮಟ್ಟ ಮೀರಿದರೆ ಮಾರಬೇಕು. ಹಗೇವಿನಲ್ಲಿ ಜೋಳವನ್ನಿಟ್ಟು ಬರಗಾಲದಲ್ಲಿ ತೆಗೆಯುವ ಹಳ್ಳಿಯ ವಿವೇಕವೇ ಇದು, ಮತ್ತು ಕಾಲು ಶತಮಾನ ಕಾಲ ಇದು ತಕ್ಕಮಟ್ಟಿಗೆ ನಡೆಯಿತು.

ಎಂಬತ್ತರ ದಶಕದಲ್ಲಿ ಲೆಕ್ಕ ತಪ್ಪಿತು. ಡಬ್ಬಗಳಿಗೆ ತವರದ ಬದಲು ಅಲ್ಯೂಮಿನಿಯಂ ಬಂತು. ಮಂಡಳಿಯ ಹೊರಗಿದ್ದ ಬ್ರೆಜಿಲ್ ಮತ್ತು ಚೀನಾ ಉತ್ಪಾದನೆಯನ್ನು ಹೆಚ್ಚಿಸಿದವು. 1981-82ರಲ್ಲಿ ನಿಗೂಢ ಕೊಳ್ಳುಗನೊಬ್ಬ ಲಂಡನ್ನಿನಲ್ಲಿ ತವರವನ್ನು ಬಾಚತೊಡಗಿದ. ಅದು ಮಲೇಷಿಯಾ ಸರ್ಕಾರವೇ ‘ಮಾಮಿಂಕೊ’ ಎಂಬ ಪುಟ್ಟ ಕಂಪನಿಯ ಮರೆಯಲ್ಲಿ ನಡೆಸಿದ ಕಾರ್ಯವೆಂದು ಪ್ರಧಾನಿ ಮಹಾತಿರ್ 1986ರಲ್ಲಿ ಒಪ್ಪಿಕೊಂಡರು. ತಮ್ಮ ಗಣಿಗಾರರಿಗೆ ನ್ಯಾಯ ದೊರಕಿಸುವ ಹಂಬಲದಿಂದ ಮಾಡಿದ ಕೆಲಸವಾದರೂ ವಿಧಾನ ಸೆಕ್ರೆತಾನನದೇ, ಫಲವೂ ಅದೇ. ಇತ್ತ ತವರ ಮಂಡಳಿಯು ಕುಸಿಯುವ ಬೆಲೆಯನ್ನು ಎತ್ತಿಹಿಡಿಯಲು ಕೊಳ್ಳುತ್ತಲೇ ಹೋಯಿತು. ಹಣ ಮುಗಿಯಿತು, ಸಾಲದ ಮೇಲೆ ಕೊಂಡಿತು, ಸಾಲವೂ ಸಾಲದೆ ಮುಂದಿನ ತಾರೀಖಿಗೆ ಕೊಳ್ಳುವ ಮಾತು ಕೊಟ್ಟಿತು. ಹಿಂದೆ ಇಪ್ಪತ್ತೆರಡು ಸರ್ಕಾರಗಳಿವೆ ಎಂಬ ನಂಬಿಕೆಯಿಂದ ಬ್ಯಾಂಕಿನವರೂ ದಲ್ಲಾಳಿಗಳೂ ಕೇಳಲಿಲ್ಲ.

ಆ ತಿಂಗಳುಗಳಲ್ಲಿ ಪ್ರತಿದಿನ ಮಧ್ಯಾಹ್ನ ಲಂಡನ್ನಿನ ವೃತ್ತದಿಂದ ತವರದ ಅಧಿಕೃತ ಬೆಲೆ ಎಂದಿನಂತೆ ಹೊರಡುತ್ತಿತ್ತು. ಪತ್ರಿಕೆಗಳು ಎಂದಿನಂತೆ ಅಚ್ಚುಹಾಕುತ್ತಿದ್ದವು. ಅಂಕಿಯಲ್ಲಿ ಒಂದು ಪೌಂಡಿನ ತಪ್ಪೂ ಇರಲಿಲ್ಲ. ಆದರೆ ಅದು ಲೋಹದ ಬೆಲೆಯಾಗಿರದೆ ಒಬ್ಬ ಕೊಳ್ಳುಗನ ಸಾಲದ ಅಳತೆಯಾಗಿತ್ತು. 1985ರ ಅಕ್ಟೋಬರ್ 24ರಂದು ವ್ಯವಸ್ಥಾಪಕನು ಇನ್ನು ಹಣ ಕೊಡಲು ಸಾಧ್ಯವಿಲ್ಲವೆಂದು ತಿಳಿಸಿದ. ಟನ್ನಿಗೆ 8,140 ಪೌಂಡಿನಲ್ಲಿ ತವರದ ವ್ಯವಹಾರ ನಿಂತಿತು. ಮಂಡಳಿಯ ಋಣ ಸುಮಾರು 90 ಕೋಟಿ ಪೌಂಡ್. ಮುಂದಿನ ಮಾರ್ಚಿನಲ್ಲಿ ಬಾಕಿ ವ್ಯವಹಾರಗಳನ್ನೆಲ್ಲ 6,250 ಪೌಂಡಿಗೆ ಚುಕ್ತಾ ಮಾಡಬೇಕೆಂದು ಪೇಟೆಯವರು ಆಜ್ಞೆ ಹೊರಡಿಸಿದರು. ನಿಜವಾದ ಬೆಲೆ ಅದಕ್ಕಿಂತಲೂ ಬಹಳ ಕೆಳಗೆ ಹೋಗಿತ್ತು. ಸಾಲ ಕೊಟ್ಟವರು ಸದಸ್ಯ ಸರ್ಕಾರಗಳ ಮೇಲೆ ದಾವೆ ಹೂಡಿದಾಗ, ಮಂಡಳಿ ಬೇರೆ, ಸರ್ಕಾರಗಳು ಬೇರೆ, ಮಂಡಳಿಯ ಸಾಲಕ್ಕೆ ಸರ್ಕಾರಗಳು ಹೊಣೆಯಲ್ಲ ಎಂದು ಬ್ರಿಟನ್ನಿನ ಪರಮೋಚ್ಚ ನ್ಯಾಯಪೀಠ 1989ರಲ್ಲಿ ತೀರ್ಪಿತ್ತಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಕೊನೆಗೆ 1990ರಲ್ಲಿ 18 ಕೋಟಿ ಚಿಲ್ಲರೆ ಪೌಂಡಿಗೆ ರಾಜಿಯಾಯಿತು. ಲಂಡನ್ನಿನಲ್ಲಿ ತವರದ ಕೂಗು ಮತ್ತೆ ಕೇಳಿದ್ದು 1989ರ ಜೂನಿನಲ್ಲಿ.

ಲಂಡನ್ನಿನ ನಷ್ಟಕ್ಕೆ ವಕೀಲರಿದ್ದರು, ಬೊಲಿವಿಯಾದ ನಷ್ಟಕ್ಕೆ ಇರಲಿಲ್ಲ. ಆ ದೇಶವು ಮಂಡಳಿಯ ಕೊನೆಯ ಒಪ್ಪಂದಕ್ಕೆ ಸಹಿಯನ್ನೇ ಹಾಕಿರಲಿಲ್ಲ. ಆದರೂ ಅದರ ತವರಕ್ಕೆ ಬೇರೆ ಬೆಲೆಯಿಲ್ಲವಷ್ಟೆ! ಅಲ್ಲಿಯ ಗಣಿಗಳನ್ನು 1952ರ ಕ್ರಾಂತಿಯಲ್ಲಿ ರಾಷ್ಟ್ರೀಕರಿಸಿದವರು ಅಧ್ಯಕ್ಷ ವಿಕ್ಟರ್ ಪಾಸ್ ಎಸ್ತೆನ್ಸೊರೊ. 1985ರ ಆಗಸ್ಟಿನಲ್ಲಿ ಮತ್ತೆ ಅಧ್ಯಕ್ಷರಾಗಿ ಬಂದಿದ್ದ ಅದೇ ವೃದ್ಧರು, ಹಣದುಬ್ಬರದಿಂದ ದೇಶ ಬೇಯುತ್ತಿದ್ದಾಗ ಈ ಕುಸಿತವನ್ನೂ ಎದುರಿಸಬೇಕಾಯಿತು. ಸರ್ಕಾರಿ ಗಣಿ ನಿಗಮದ ಸುಮಾರು ಮೂವತ್ತು ಸಾವಿರ ಕೆಲಸಗಾರರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳುಹಿಸಲಾಯಿತು. 1986ರ ಆಗಸ್ಟಿನಲ್ಲಿ ಗಣಿಯವರು ಹೆಂಡಿರು ಮಕ್ಕಳೊಡನೆ ಒರೂರೊದಿಂದ ರಾಜಧಾನಿ ಲಾ ಪಾಸಿನತ್ತ ‘ಬದುಕಿಗಾಗಿ ನಡಿಗೆ’ ಹೊರಟರು. ಕಲಮಾರ್ಕಾ ಎಂಬಲ್ಲಿ ಸೈನ್ಯ ಅವರನ್ನು ಸುತ್ತುವರಿದು ಹಿಂದಕ್ಕೆ ಕಳುಹಿಸಿತು. ಹಿಂದಿರುಗಿದವರಲ್ಲಿ ಅನೇಕರು ಎಲ್ ಆಲ್ತೊದ ಕೊಳೆಗೇರಿಗಳನ್ನು ಸೇರಿದರು, ಅನೇಕರು ಚಪಾರೆಯ ಕಾಡಿಗಿಳಿದು ಕೋಕಾ ಸೊಪ್ಪು ಬೆಳೆಯತೊಡಗಿದರು. ಮಲೇಷಿಯಾದಲ್ಲಿ ನೂರಾರು ಗಣಿಗಳು ಮುಚ್ಚಿದವು. ಸಾವಿರಾರು ವರ್ಷಗಳ ಗಣಿಗಾರಿಕೆಯ ಇತಿಹಾಸವಿದ್ದ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿಯೂ ಒಂದೊಂದಾಗಿ ನಿಂತು, ಕೊನೆಯದಾದ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು.

ತಾಮ್ರದ ಸರದಿ ಮತ್ತೆ ಬಂದದ್ದು ಜಪಾನಿನ ಸುಮಿಟೊಮೊ ಕಂಪನಿಯ ಯಾಸುವೊ ಹಮಾನಾಕನ ರೂಪದಲ್ಲಿ. ವರ್ಷಗಟ್ಟಲೆ ಅಪಾರ ಪ್ರಮಾಣದಲ್ಲಿ ಕೊಂಡು ಬೆಲೆಯನ್ನು ಮೇಲೆ ನಿಲ್ಲಿಸಿದ ಈತನ ಲೆಕ್ಕಗಳು 1996ರ ಜೂನಿನಲ್ಲಿ ಬಯಲಾದವು, ನಷ್ಟ ಕೊನೆಗೆ 260 ಕೋಟಿ ಡಾಲರ್ ಎಂದು ತಿಳಿಯಿತು. ಇಲ್ಲಿ ನೆನೆಯಬೇಕಾದ ವ್ಯಕ್ತಿ ಇನ್ನೊಬ್ಬ. ಡೇವಿಡ್ ಥ್ರೆಲ್‌ಕೆಲ್ಡ್ ಎಂಬ ದಲ್ಲಾಳಿಗೆ 1991ರಲ್ಲಿ, ನಡೆಯದ ವ್ಯವಹಾರಗಳಿಗೆ ಹಿಂದಿನ ತಾರೀಖು ಹಾಕಿ ದೃಢೀಕರಣ ಕೊಡಬೇಕೆಂಬ ಕೋರಿಕೆ ಹಮಾನಾಕನಿಂದ ಬಂದಿತ್ತು. ಆತ ಒಪ್ಪಲಿಲ್ಲ, ಆ ಪತ್ರವನ್ನು ಪೇಟೆಯ ಅಧಿಕಾರಿಗಳ ಗಮನಕ್ಕೆ ತಂದ. ಅನಂತರವೂ ಐದು ವರ್ಷ ಆ ಬೆಲೆಯೇ ಜಗತ್ತಿನ ತಾಮ್ರದ ಬೆಲೆಯಾಗಿ ಅಚ್ಚಾಗುತ್ತಲೇ ಇತ್ತು. 1998ರಲ್ಲಿ ಹಮಾನಾಕನಿಗೆ ಎಂಟು ವರ್ಷಗಳ ಸೆರೆಯಾಯಿತು.

ಕರ್ನಾಟಕವೂ ಇಂಥ ಸಂಖ್ಯೆಯೊಂದರ ಬಿಸಿಯನ್ನು ಅನುಭವಿಸಿದೆ. ಕಬ್ಬಿಣದ ಅದಿರಿನ ಬೆಲೆಯನ್ನು ಸುಮಾರು ನಾಲ್ಕು ದಶಕಗಳ ಕಾಲ ದೊಡ್ಡ ಗಣಿ ಕಂಪನಿಗಳು ಮತ್ತು ಉಕ್ಕಿನ ಕಾರ್ಖಾನೆಗಳು ವರ್ಷಕ್ಕೊಮ್ಮೆ ಕುಳಿತು ನಿಗದಿ ಮಾಡುತ್ತಿದ್ದವು. ಚೀನಾದ ಹಸಿವು ಬೆಳೆದಾಗ ಆ ಕರಾರುಗಳ ಹೊರಗೆ, ಅಂದಂದಿನ ಬೆಲೆಗೆ, ಅದಿರು ಮಾರುವವರಲ್ಲಿ ಭಾರತದವರೇ ಮುಂದಾಗಿದ್ದರು. ಆದುದರಿಂದ ಬೆಲೆ ವರದಿಗಾರರು ಚೀನಾ ಬಂದರಿಗೆ ತಲುಪಿಸಿದ, ಶೇಕಡಾ 63.5 ಕಬ್ಬಿಣವುಳ್ಳ ಭಾರತೀಯ ಅದಿರಿನ ಬೆಲೆಯನ್ನೇ ದಿನವೂ ನಮೂದಿಸತೊಡಗಿದರು. ಅದು ವಾರ್ಷಿಕ ಬೆಲೆಗಿಂತ ಎಷ್ಟೋ ಮೇಲಿತ್ತು. ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಕೆಂಪು ಬೆಟ್ಟಗಳು ಆ ದಿನಗಳಲ್ಲಿ ಕರಗಿದ ವೇಗಕ್ಕೆ, ಲಾರಿಗಳ ಸಾಲಿಗೆ, ಬೇಲೆಕೇರಿ ಬಂದರಿನ ರಾಶಿಗೆ, ಅಕ್ರಮದ ರಾಜಕೀಯಕ್ಕೆ ಆ ದಿನನಿತ್ಯದ ಅಂಕಿಯೇ ಹುರಿದುಂಬಿಸಿದ ಶಕ್ತಿ. 2010ರಲ್ಲಿ ದೊಡ್ಡ ಕಂಪನಿಗಳೂ ವಾರ್ಷಿಕ ಪದ್ಧತಿಯನ್ನು ಬಿಟ್ಟು ಸೂಚ್ಯಂಕಕ್ಕೆ ಬಂದವು. ಶೇಕಡಾ 62ರ ಅದಿರು ಚಿಂಗ್‌ಡಾವ್ ಬಂದರಿಗೆ ತಲುಪುವ ಬೆಲೆ ಮಾನದಂಡವಾಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಆ ಅಂಕಿ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಬೆಲೆಯ ವರದಿ ಪ್ರಾಮಾಣಿಕವಾಗಿದ್ದ ಮಾತ್ರಕ್ಕೆ ಅದರ ಹಿಂದೆ ಓಡುವವರು ಪ್ರಾಮಾಣಿಕರಾಗಬೇಕಾಗಿಲ್ಲ.

ಅಲ್ಯೂಮಿನಿಯಂ ವಿಷಯದಲ್ಲಿ ಗೋದಾಮುಗಳೇ ಆಟ ಹೂಡಿದವು. ಅಮೆರಿಕದ ಡೆಟ್ರಾಯಿಟ್ ನಗರದ ಗೋದಾಮುಗಳಿಂದ ತಮ್ಮದೇ ಲೋಹವನ್ನು ಹೊರತರಲು ಕಾಯಬೇಕಾದ ಅವಧಿ 2014ರಲ್ಲಿ 600 ದಿನಗಳನ್ನು ದಾಟಿತು. ಲಂಡನ್ ಬೆಲೆ ಒಂದು ಹೇಳುತ್ತಿದ್ದರೆ ಕೈಗೆ ಸಿಗುವ ಲೋಹದ ಬೆಲೆ ಇನ್ನೊಂದಾಗಿತ್ತು. ನಡುವಿನ ಅಂತರವನ್ನು ತೆತ್ತವರು ಡಬ್ಬ, ಕಿಟಕಿ, ಕಾರು ಕೊಳ್ಳುವವರು.

ಇತ್ತೀಚಿನದು ನಿಕ್ಕಲಿನ ಪ್ರಸಂಗ. ಚೀನಾದ ಸಿಂಗ್‌ಶಾನ್ ಕಂಪನಿಯು ಬೆಲೆ ಇಳಿಯುತ್ತದೆಂದು ಎಣಿಸಿ 1,50,000 ಟನ್ನಿಗೂ ಹೆಚ್ಚು ನಿಕ್ಕಲನ್ನು ಮುಂಗಡವಾಗಿ ಮಾರಿತ್ತು. ಅದು ತಯಾರಿಸುತ್ತಿದ್ದ ನಿಕ್ಕಲ್ ಬಹುಪಾಲು ಲಂಡನ್ ಪೇಟೆ ಒಪ್ಪುವ ದರ್ಜೆಯದಲ್ಲ. ಎಂದರೆ ತನ್ನ ಕೈಯಲ್ಲಿಲ್ಲದ ಸರಕನ್ನು ಮಾರಿದಂತಾಗಿತ್ತು. ಉಕ್ರೇನ್ ಯುದ್ಧ ಆರಂಭವಾಗಿ ರಷ್ಯಾದ ನಿಕ್ಕಲ್ ಬರುವುದೇ ಅನುಮಾನವಾದಾಗ ಬೆಲೆ ಏರಿತು. 2022ರ ಮಾರ್ಚ್ 7ರಂದು ಟನ್ನಿಗೆ 48,078 ಡಾಲರಿನಲ್ಲಿ ಮುಗಿದ ಬೆಲೆ ಮರುದಿನ ಬೆಳಗಿನ ಜಾವದಲ್ಲಿ ಒಂದು ಲಕ್ಷ ಡಾಲರನ್ನು ದಾಟಿತು. ಪೇಟೆಯವರು ವ್ಯವಹಾರವನ್ನು ನಿಲ್ಲಿಸಿದ್ದಲ್ಲದೆ, ಆ ದಿನ ಆಗಿಹೋಗಿದ್ದ ಸುಮಾರು 1,200 ಕೋಟಿ ಡಾಲರುಗಳ ವ್ಯವಹಾರವನ್ನು ಇಲ್ಲವೆಂದೇ ಅಳಿಸಿಹಾಕಿದರು. ಮಾರಿದವರ ನಷ್ಟ ತಪ್ಪಿತು, ಕೊಂಡವರ ಲಾಭ ಹೋಯಿತು. ಆ ಬೆಲೆ ಲೋಹದ ನಿಜಸ್ಥಿತಿಯನ್ನು ತೋರುತ್ತಿರಲಿಲ್ಲ, ಬಿಟ್ಟಿದ್ದರೆ ಪೇಟೆಯೇ ಮುಳುಗುತ್ತಿತ್ತು ಎಂಬುದು ಅವರ ಸಮರ್ಥನೆ. ಕೊಟ್ಟ ಮಾತಿಗೆ ಬೆಲೆಯಿಲ್ಲವಾದರೆ ಇನ್ನೇನು ಉಳಿಯಿತೆಂಬುದು ಎದುರು ಪಕ್ಷದ ವಾದ. ಎರಡರಲ್ಲಿಯೂ ಹುರುಳಿದೆ. ಲಂಡನ್ನಿನ ಹೈಕೋರ್ಟು 2023ರಲ್ಲಿಯೂ ಮೇಲ್ಮನವಿ ನ್ಯಾಯಾಲಯ 2024ರಲ್ಲಿಯೂ ಪೇಟೆಗೆ ಹಾಗೆ ಮಾಡುವ ಅಧಿಕಾರವಿತ್ತೆಂದು ಎತ್ತಿಹಿಡಿದವು. ಆದರೆ 2025ರ ಮಾರ್ಚಿನಲ್ಲಿ ಬ್ರಿಟನ್ನಿನ ಹಣಕಾಸು ನಿಯಂತ್ರಣ ಪ್ರಾಧಿಕಾರವು, ಆ ರಾತ್ರಿ ಕಿರಿಯ ಸಿಬ್ಬಂದಿಯನ್ನಷ್ಟೇ ಕಾವಲಿಗೆ ಬಿಟ್ಟಿದ್ದ ಅಜಾಗರೂಕತೆಗಾಗಿ, ಅದೇ ಪೇಟೆಗೆ ಸುಮಾರು 92 ಲಕ್ಷ ಪೌಂಡ್ ದಂಡ ವಿಧಿಸಿತು.

ಈ ಗಲಾಟೆಯ ಮರುವರ್ಷ, 2023ರ ಮಾರ್ಚಿನಲ್ಲಿ, ನೆದರ್ಲೆಂಡಿನ ರಾಟರ್‌ಡಾಮಿನ ಗೋದಾಮೊಂದರಲ್ಲಿ ನಿಕ್ಕಲ್ ಎಂದು ಗುರುತು ಮಾಡಿದ್ದ ಚೀಲಗಳನ್ನು ಬಿಚ್ಚಿ ನೋಡಲಾಯಿತು. ಒಂಬತ್ತು ರಸೀತಿಗಳ, ಒಟ್ಟು 54 ಟನ್ನುಗಳ ಸರಕು. ರಸೀತಿ ಸರಿಯಾಗಿತ್ತು, ಮುದ್ರೆ ಸರಿಯಾಗಿತ್ತು, ಅದರ ಮೇಲಿನ ಬೆಲೆಯೂ ಅಂದಿನ ಅಧಿಕೃತ ಧಾರಣೆಯೇ ಆಗಿತ್ತು. ಚೀಲಗಳೊಳಗೆ ಇದ್ದುದು ಕಲ್ಲು. ಆ ಬಳಿಕ ಮಾನ್ಯ ಗೋದಾಮುಗಳಲ್ಲಿದ್ದ ನಿಕ್ಕಲ್ ಚೀಲಗಳನ್ನೆಲ್ಲ ಮತ್ತೆ ತೂಗಿ ಪರೀಕ್ಷಿಸುವಂತೆ ಲಂಡನ್ನಿನಿಂದ ಆದೇಶ ಹೊರಟಿತು.